ಹೇಲೋಗಳು ಸೇರಿದರೆ ಗ್ಯಾಲಕ್ಸಿಗಳೂ ಸೇರಿದ ಹಾಗೆಯೇ? ಮಾಡೆಲ್ ಹೊಂದಿಸುವುದು ಮೋಸವೇ?

ಪ್ರಶ್ನೆ: ನಾನು ಭೌತಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆಂದು ಡಾರ್ಕ್ ಮ್ಯಾಟರ್ (ಬೆಳಕು ಚೆಲ್ಲದ, ಗುರುತ್ವದಿಂದಷ್ಟೇ ಗೊತ್ತಾಗುವ ವಸ್ತು) ಸಿಮ್ಯುಲೇಶನ್ ಒಂದರ ಮರ್ಜರ್ ಟ್ರೀಗಳನ್ನು, ಅಂದರೆ ಯಾವ ಹೇಲೋ ಯಾವುದರೊಳಗೆ ಸೇರಿತು ಎಂಬ ದಾಖಲೆಗಳನ್ನು ಇಳಿಸಿಕೊಂಡು, ಅವುಗಳ ಮೇಲೆ ಒಂದು ಸಣ್ಣ ಸೆಮಿ-ಅನಲಿಟಿಕ್ ಮಾಡೆಲ್ (ಗ್ಯಾಲಕ್ಸಿ ಬೆಳೆಯುವುದನ್ನು ಸರಳ ಸೂತ್ರಗಳಿಂದ ಲೆಕ್ಕ ಹಾಕುವ ಕೋಡ್) ಬರೆದಿದ್ದೇನೆ. ಹೇಲೋ, ಅಂದರೆ ಗುರುತ್ವದಿಂದ ಒಟ್ಟಾದ ಡಾರ್ಕ್ ಮ್ಯಾಟರ್ ಮುದ್ದೆ, ಬೆಳೆದಂತೆ ಗ್ಯಾಸ್ ಒಳಗೆ ಬರುತ್ತದೆ, ತಣ್ಣಗಾಗುತ್ತದೆ, ನಕ್ಷತ್ರವಾಗುತ್ತದೆ. ಸೂಪರ್‌ನೋವಾ ಒಂದಷ್ಟು ಗ್ಯಾಸನ್ನು ಹೊರಗೆ ತಳ್ಳುತ್ತದೆ. ಇಷ್ಟೇ. ಸೂಪರ್‌ನೋವಾ ಪ್ಯಾರಾಮೀಟರ್ ಸ್ವಲ್ಪ ಹೊಂದಿಸಿದರೆ ಸಣ್ಣ ಗ್ಯಾಲಕ್ಸಿಗಳ ಸಂಖ್ಯೆ ಸರಿಯಾಗಿ ಬರುತ್ತದೆ. ದೊಡ್ಡವು ಮಾತ್ರ ಏನು ಮಾಡಿದರೂ ತೀರಾ ದೊಡ್ಡದಾಗಿ, ಹೊಸ ನಕ್ಷತ್ರಗಳಿಂದ ತೀರಾ ನೀಲಿಯಾಗಿ ಬರುತ್ತವೆ. ಇನ್ನೊಂದು ತೊಂದರೆ: ಕೆಲವು ಸಣ್ಣ ಹೇಲೋಗಳು ದೊಡ್ಡದರ ಒಳಗೆ ಹೋಗಿ ಮಾಯವಾಗುತ್ತವೆ, ಒಂದೆರಡು ಸ್ನ್ಯಾಪ್‌ಶಾಟ್ (ಸಿಮ್ಯುಲೇಶನ್ ಆಗಾಗ ಉಳಿಸಿಡುವ ಒಂದು ಕ್ಷಣದ ಚಿತ್ರ) ಆದಮೇಲೆ ಹೊಸದಾಗಿ ಹುಟ್ಟಿದಂತೆ ಮತ್ತೆ ಕಾಣಿಸುತ್ತವೆ. ಅಷ್ಟರಲ್ಲಿ ನನ್ನ ಕೋಡ್ ಎರಡು ಗ್ಯಾಲಕ್ಸಿಗಳನ್ನು ಒಂದು ಮಾಡಿಬಿಟ್ಟಿರುತ್ತದೆ. "ಇಷ್ಟು ಪ್ಯಾರಾಮೀಟರ್ ಇದ್ದರೆ ಏನನ್ನು ಬೇಕಾದರೂ ಹೊಂದಿಸಬಹುದು, ಇದು ವಿಜ್ಞಾನವೇ ಅಲ್ಲ, ಅಲ್ಲದೆ ಜೇಮ್ಸ್ ವೆಬ್ ದೂರದರ್ಶಕ ಬಂದ ಮೇಲೆ ಈ ಚಿತ್ರವೇ ಬಿದ್ದುಹೋಗಿದೆ" ಎಂದು ಗೆಳೆಯನೊಬ್ಬ ಹೇಳುತ್ತಾನೆ. ಈ ದಾರಿ ಬಿಟ್ಟು, ಗ್ಯಾಸ್‌ನ ಹರಿವನ್ನೂ ಲೆಕ್ಕ ಹಾಕುವ ಪೂರ್ತಿ ಹೈಡ್ರೊಡೈನಮಿಕ್ ಸಿಮ್ಯುಲೇಶನ್ ಮಾಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಡಿಪಾಯ ಗಟ್ಟಿಯಿದೆಯೇ ಅನ್ನುವುದು ಒಂದು. ಪ್ಯಾರಾಮೀಟರ್ ಹೊಂದಿಸುವುದು ಮೋಸವೇ ಅನ್ನುವುದು ಇನ್ನೊಂದು. ನಿಮ್ಮ ಕೋಡ್ ತಪ್ಪೇ ಅನ್ನುವುದು ಮೂರನೆಯದು. ಇವನ್ನು ಬೇರೆ ಬೇರೆ ಮಾಡಿ ನೋಡಿದರೆ, ನೀವು ಅಂದುಕೊಂಡಿರುವುದಕ್ಕಿಂತ ಒಳ್ಳೆಯ ಜಾಗದಲ್ಲಿದ್ದೀರಿ. ನಿಮ್ಮ ದೊಡ್ಡ ಗ್ಯಾಲಕ್ಸಿಗಳು ಹೊಂದದೆ ಇರುವುದು ನಿಮ್ಮ ಪ್ರಾಜೆಕ್ಟಿನ ಅತ್ಯಂತ ಒಳ್ಳೆಯ ಫಲಿತಾಂಶ ಎಂದೇ ನನಗೆ ಅನಿಸುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಅಡಿಪಾಯ. ನಿಮ್ಮ ಮಾಡೆಲ್‌ಗೆ ಎರಡು ಅಂತಸ್ತು ಇದೆ. ಕೆಳಗಿನದು ಡಾರ್ಕ್ ಮ್ಯಾಟರ್. ಅಲ್ಲಿ ಗುರುತ್ವ ಬಿಟ್ಟರೆ ಬೇರೆ ಬಲ ಲೆಕ್ಕಕ್ಕೆ ಬರುವುದಿಲ್ಲ. ಶುರುವಿನಲ್ಲಿ ಸಾಂದ್ರತೆಯ ಏರುಪೇರುಗಳು ಎಷ್ಟಿದ್ದವು ಅನ್ನುವುದು ಬ್ರಹ್ಮಾಂಡದ ಮೈಕ್ರೋವೇವ್ ಹಿನ್ನೆಲೆಯಿಂದ, ಅಂದರೆ ಬಿಗ್ ಬ್ಯಾಂಗ್‌ನ ಕಾಲದಿಂದ ಉಳಿದುಬಂದ ಬೆಳಕಿನಿಂದ, ಚೆನ್ನಾಗಿ ಗೊತ್ತು. ಒಟ್ಟು ವಸ್ತುವಿನಲ್ಲಿ ಮಾಮೂಲಿ ವಸ್ತು ಶೇಕಡಾ 16ರ ಹತ್ತಿರ, ಉಳಿದದ್ದು ಡಾರ್ಕ್ ಮ್ಯಾಟರ್ ಅನ್ನುವುದೂ ಅಲ್ಲಿಂದಲೇ ಬಂದ ಲೆಕ್ಕ. ಹೀಗೆ ಶುರುಮಾಡಿ ಗುರುತ್ವಕ್ಕೆ ಬಿಟ್ಟರೆ ಸಣ್ಣ ಹೇಲೋಗಳು ಮೊದಲು ಆಗುತ್ತವೆ, ಅವು ಸೇರಿ ದೊಡ್ಡವಾಗುತ್ತವೆ. ಯಾವ ತೂಕದ ಹೇಲೋ ಎಷ್ಟಿರಬೇಕು ಎಂದು ಪ್ರೆಸ್ ಮತ್ತು ಶೆಕ್ಟರ್ 1974ರಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದ್ದರು. 2005ರ ಮಿಲೇನಿಯಂ ಸಿಮ್ಯುಲೇಶನ್ ಸುಮಾರು 1000 ಕೋಟಿ ಕಣಗಳಿಟ್ಟು, ಒಂದು ಬದಿ 220 ಕೋಟಿ ಜ್ಯೋತಿರ್ವರ್ಷ ಇರುವ ಪೆಟ್ಟಿಗೆಯಲ್ಲಿ ಅದನ್ನೇ ಮಾಡಿ ತೋರಿಸಿತು. ಒಂದೇ ಆರಂಭ ಕೊಟ್ಟರೆ ಬೇರೆ ಬೇರೆ ಕೋಡ್‌ಗಳು ಈ ಅಂತಸ್ತಿನಲ್ಲಿ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ.

ಮೇಲಿನ ಅಂತಸ್ತು ಗ್ಯಾಲಕ್ಸಿ. 1978ರಲ್ಲಿ ವೈಟ್ ಮತ್ತು ರೀಸ್ ಹೇಳಿದ ಮಾತು ಇವತ್ತಿಗೂ ನಾವೆಲ್ಲ ನಿಂತಿರುವ ನೆಲ: ಡಾರ್ಕ್ ಮ್ಯಾಟರ್ ಹೇಲೋ ಕಟ್ಟುತ್ತದೆ, ಗ್ಯಾಸ್ ಅದರೊಳಗೆ ಬಿದ್ದು ಬಿಸಿಯಾಗಿ, ಬೆಳಕು ಚೆಲ್ಲಿ ತಣ್ಣಗಾಗಿ, ನಡುವಿಗೆ ಇಳಿದು ನಕ್ಷತ್ರವಾಗುತ್ತದೆ. ಇಲ್ಲಿ ಗುರುತ್ವದ ಜೊತೆಗೆ ವಿಕಿರಣ, ಆಘಾತದ ಅಲೆ, ಕಾಂತಕ್ಷೇತ್ರ, ಸ್ಫೋಟ, ಕಪ್ಪುಕುಳಿ ಎಲ್ಲ ಸೇರುತ್ತವೆ. ಒಂದು ನಕ್ಷತ್ರ ಹುಟ್ಟುವ ಜಾಗದಿಂದ ಇಡೀ ಹೇಲೋವರೆಗೆ ಅಳತೆಯ ಅಂತರ ಎಷ್ಟಿದೆ ಎಂದರೆ, ಯಾವ ಕಂಪ್ಯೂಟರೂ ಎರಡನ್ನೂ ಒಟ್ಟಿಗೆ ಹಿಡಿಯಲಾರದು. ಹಾಗಾಗಿ ಅಂದಾಜು ಸೂತ್ರಗಳು ಬೇಕೇ ಬೇಕು. ನಿಮ್ಮ ಪ್ಯಾರಾಮೀಟರ್‌ಗಳೆಲ್ಲ ಇರುವುದು ಈ ಅಂತಸ್ತಿನಲ್ಲಿ. ಏನೇ ಎಡವಟ್ಟಾದರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ತಪ್ಪು ಯಾವ ಅಂತಸ್ತಿನದು? ಕೆಳಗಿನ ತಪ್ಪನ್ನು ಮೇಲಿನ ಪ್ಯಾರಾಮೀಟರ್ ತಿರುಗಿಸಿ ಮುಚ್ಚುವುದು ಈ ಕ್ಷೇತ್ರದಲ್ಲಿ ನಾನು ತುಂಬಾ ಸಲ ನೋಡಿರುವ ಅಪಾಯ. ನಿಮ್ಮ ಮಾಯವಾಗುವ ಹೇಲೋಗಳು ನೇರವಾಗಿ ಅಲ್ಲಿಗೇ ಒಯ್ಯುತ್ತವೆ.

ಅದನ್ನು ಹತ್ತಿರದಿಂದ ನೋಡೋಣ. ಮರ್ಜರ್ ಟ್ರೀ ಎಂದರೆ ಹೇಲೋಗಳ ವಂಶವೃಕ್ಷ. ಮನೆತನದ ವಂಶವೃಕ್ಷದಲ್ಲಿ ಒಬ್ಬರಿಂದ ಹಲವರು ಆಗುತ್ತಾರೆ, ಇಲ್ಲಿ ಹಲವು ಸೇರಿ ಒಂದಾಗುತ್ತದೆ. ಆದರೆ ಸಿಮ್ಯುಲೇಶನ್‌ಗೆ ಹೇಲೋ ಅಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕಣಗಳು ಮಾತ್ರ. ಹೇಲೋ ಹುಡುಕುವ ಕೋಡ್ ಬೇರೆ. ಅದು ಪ್ರತಿ ಸ್ನ್ಯಾಪ್‌ಶಾಟ್‌ನಲ್ಲಿ ಒತ್ತಾಗಿರುವ ಜಾಗಗಳನ್ನು ಗುರುತಿಸಿ, ಒಂದಕ್ಕೊಂದು ಗುರುತ್ವದಿಂದ ಅಂಟಿಕೊಂಡಿರುವ ಕಣಗಳ ಗುಂಪಿಗೆ ಒಂದು ಹೆಸರು ಕೊಡುತ್ತದೆ.

ಈಗ ಒಂದು ಸಣ್ಣ ಹೇಲೋ ದೊಡ್ಡದರ ನಡುವಿನ ಹತ್ತಿರ ಹಾದುಹೋಗುತ್ತಿದೆ ಅಂದುಕೊಳ್ಳಿ. ನಡುವಿನಲ್ಲಿ ದೊಡ್ಡದರ ಸಾಂದ್ರತೆಯೇ ತುಂಬಾ ಜಾಸ್ತಿ. ಸಣ್ಣದು ಅದರ ಮುಂದೆ ಎದ್ದು ಕಾಣುವುದಿಲ್ಲ. ಹುಡುಕುವ ಕೋಡ್ ಅದರ ಹೊರಗಿನ ಕಣಗಳನ್ನೆಲ್ಲ ದೊಡ್ಡದಕ್ಕೆ ಬರೆದುಬಿಡುತ್ತದೆ. ತೂಕ ದಿಢೀರ್ ಕುಸಿಯುತ್ತದೆ, ಕೆಲವೊಮ್ಮೆ ಪಟ್ಟಿಯಿಂದಲೇ ಬಿದ್ದುಹೋಗುತ್ತದೆ. ಸಣ್ಣದು ಆಚೆ ಕಡೆ ಹೊರಬಂದಾಗ ಮತ್ತೆ ಎದ್ದು ಕಾಣುತ್ತದೆ, ಆಗ ಕೋಡ್ ಅದಕ್ಕೆ ಹೊಸ ಹೆಸರು ಕೊಡುತ್ತದೆ. ನೀವು ನೋಡಿದ ಹೊಸ ಹುಟ್ಟು ಇದೇ.

ಇದರಲ್ಲಿ ಸ್ನ್ಯಾಪ್‌ಶಾಟ್‌ಗಳ ಅಂತರದ ಪಾತ್ರ ಎಷ್ಟು ದೊಡ್ಡದು ಎಂದು ಒಂದು ಲೆಕ್ಕ ಹಾಕಿ ನೋಡಿ. ಮಿಲೇನಿಯಂನಂಥ ಸಿಮ್ಯುಲೇಶನ್ನಿನಲ್ಲಿ ಈಚಿನ ಕಾಲಕ್ಕೆ ಬಂದಾಗ ಒಂದು ಸ್ನ್ಯಾಪ್‌ಶಾಟ್‌ನಿಂದ ಇನ್ನೊಂದಕ್ಕೆ ಸುಮಾರು 30 ಕೋಟಿ ವರ್ಷ. ಸೆಕೆಂಡಿಗೆ 300 ಕಿಲೋಮೀಟರ್ ವೇಗದಲ್ಲಿ ಓಡುವ ಹೇಲೋ ಅಷ್ಟರಲ್ಲಿ 3 ಲಕ್ಷ ಜ್ಯೋತಿರ್ವರ್ಷ ದಾಟಿರುತ್ತದೆ. ಅಂದರೆ ನಡುವಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂದಾಗಿರುತ್ತದೆ. ನಿಮ್ಮ ಫೈಲಿನಲ್ಲಿ ಅದು ಒಂದೇ ಸಾಲು.

ಏನು ಮಾಡಬೇಕು? ಸುಮ್ನೆ ಒಟ್ಟು ಅಂಕಿಅಂಶ ನೋಡುತ್ತ ಕೂರಬೇಡಿ. ಇಂಥ ಒಂದು ಟ್ರೀ ಆರಿಸಿಕೊಂಡು, ಆ ಸಣ್ಣ ಹೇಲೋದ ತೂಕ ಮತ್ತು ನಡುವಿನಿಂದ ಅದರ ದೂರ, ಎರಡನ್ನೂ ಕಾಲದ ಎದುರು ಪ್ಲಾಟ್ ಮಾಡಿ. ದೂರ ಕಡಿಮೆಯಾದಾಗಲೆಲ್ಲ ತೂಕ ಕುಸಿದು, ದೂರ ಹೆಚ್ಚಿದಾಗ ಮತ್ತೆ ಏರಿದರೆ ಅದು ಹುಡುಕುವ ಕೋಡ್‌ನ ಆಟ. ಕಣಗಳ ಐಡಿ ಸಿಗುವಂತಿದ್ದರೆ, ಮಾಯವಾದ ಹೇಲೋದ ಅತ್ಯಂತ ಬಿಗಿಯಾಗಿದ್ದ ಕಣಗಳು ಹೊಸ ಹೇಲೋದಲ್ಲಿ ಇವೆಯೇ ಎಂದು ನೋಡಿ. ಇದ್ದರೆ ಅನುಮಾನವೇ ಇಲ್ಲ, ಎರಡೂ ಒಂದೇ. ಕೆಲವು ಟ್ರೀ ಕೋಡ್‌ಗಳು ಒಂದೆರಡು ಸ್ನ್ಯಾಪ್‌ಶಾಟ್ ಹಾರಿ ಮುಂದೆ ನೋಡಿ ಎಳೆ ಜೋಡಿಸುತ್ತವೆ. ನೀವು ಇಳಿಸಿಕೊಂಡ ಡೇಟಾದಲ್ಲಿ ಅಂಥ ಆವೃತ್ತಿ ಇದ್ದರೆ ಅದನ್ನೇ ಬಳಸಿ.

ಎರಡು ಹೆಚ್ಚುಕಡಿಮೆ ಸಮಾನ ಹೇಲೋಗಳು ಸೇರುವಾಗ ಇನ್ನೊಂದು ಕಾಟ ಇದೆ. ಯಾವುದು ಮುಖ್ಯ, ಯಾವುದು ಉಪಹೇಲೋ (ದೊಡ್ಡದರ ಒಳಗೆ ಸುತ್ತುವ ಸಣ್ಣದು) ಎಂದು ಕೋಡ್ ಪ್ರತಿ ಸ್ನ್ಯಾಪ್‌ಶಾಟ್‌ನಲ್ಲೂ ಮನಸ್ಸು ಬದಲಿಸಬಹುದು. ಆಗ ತೂಕ ಅತ್ತಿತ್ತ ಜಿಗಿಯುತ್ತದೆ. ನಿಮ್ಮ ಮಾಡೆಲ್ ತೂಕ ಹೆಚ್ಚಿದಾಗಲೆಲ್ಲ ಶೇಕಡಾ 16 ಗ್ಯಾಸ್ ತಂದು ಸುರಿಯುತ್ತದೆ ಅಲ್ವಾ? ಹಾಗಾದರೆ ಪ್ರತಿ ಜಿಗಿತಕ್ಕೂ ಇಲ್ಲದ ಗ್ಯಾಸ್ ಹುಟ್ಟುತ್ತದೆ. ಅದಕ್ಕೇ ಈಗಿನ ತೂಕದ ಬದಲು, ಹೇಲೋ ಅಲ್ಲಿಯವರೆಗೆ ಮುಟ್ಟಿದ ಗರಿಷ್ಠ ತೂಕವನ್ನು ಇಟ್ಟುಕೊಂಡು, ಅದು ಏರಿದಾಗ ಮಾತ್ರ ಗ್ಯಾಸ್ ಸೇರಿಸಿ. ಎಲ್ಲಾ ಕಾಟ ಇದರಿಂದ ಹೋಗುವುದಿಲ್ಲ, ಆದರೆ ದೊಡ್ಡ ಪಾಲು ಹೋಗುತ್ತದೆ.

ಈಗ ನಿಮ್ಮ ಕೋಡ್ ಆ ಹೊತ್ತಿನಲ್ಲಿ ಗ್ಯಾಲಕ್ಸಿಗಳನ್ನು ಒಂದು ಮಾಡಿಬಿಡುವ ವಿಷಯ. ಇದರ ಹಿಂದೆ ಒಂದು ತಪ್ಪು ನಂಬಿಕೆ ಇದೆ, ಅದು ನಿಮ್ಮೊಬ್ಬರದ್ದಲ್ಲ: ಹೇಲೋಗಳು ಸೇರಿದ ಕ್ಷಣವೇ ಗ್ಯಾಲಕ್ಸಿಗಳೂ ಸೇರುತ್ತವೆ ಅನ್ನುವುದು. ವಾಸ್ತವ ಹಾಗಿಲ್ಲ. ಹೇಲೋ ಅಗಲವಾದದ್ದು, ಗ್ಯಾಲಕ್ಸಿ ಅದರ ನಡುವಿನ ಪುಟ್ಟ ಭಾಗ. ನಮ್ಮ ಕ್ಷೀರಪಥವನ್ನೇ ತೆಗೆದುಕೊಳ್ಳಿ. ಅದರ ಜೊತೆಗಿರುವ ಸಣ್ಣ ಗ್ಯಾಲಕ್ಸಿಯಾದ ದೊಡ್ಡ ಮೆಗಲಾನಿಕ್ ಮೋಡ ನಮ್ಮಿಂದ 1.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಕ್ಷೀರಪಥದ ಹೇಲೋ ಅದಕ್ಕಿಂತ ಎಷ್ಟೋ ಆಚೆವರೆಗೆ ಹರಡಿದೆ. ಟ್ರೀ ಭಾಷೆಯಲ್ಲಿ ಹೇಳುವುದಾದರೆ ಆ ಎರಡು ಹೇಲೋಗಳು ಆಗಲೇ ಒಂದಾಗಿವೆ. ಆದರೂ ದಕ್ಷಿಣದ ಆಕಾಶದಲ್ಲಿ ಆ ಮೋಡ ತನ್ನ ಪಾಡಿಗೆ ತಾನು, ನಕ್ಷತ್ರ ಹುಟ್ಟಿಸುತ್ತ, ಬರಿಗಣ್ಣಿಗೆ ಕಾಣುತ್ತದೆ.

ಗ್ಯಾಲಕ್ಸಿ ನಡುವಿಗೆ ಇಳಿಯಬೇಕಾದರೆ ಅದರ ವೇಗ ಕಳೆಯಬೇಕು. ಅದನ್ನು ಕಳೆಯುವುದು ಡೈನಮಿಕಲ್ ಫ್ರಿಕ್ಷನ್. ಚಂದ್ರಶೇಖರ್ 1943ರಲ್ಲಿ ಇದರ ಸೂತ್ರ ಕೊಟ್ಟರು. ಭಾರವಾದ ವಸ್ತು ಹಗುರ ಕಣಗಳ ನಡುವೆ ಸಾಗುವಾಗ ಆ ಕಣಗಳು ಅದರ ಕಡೆ ಬಾಗಿ, ಅದರ ಹಿಂದೆ ಗುಂಪುಗೂಡುತ್ತವೆ. ಆ ಗುಂಪಿನ ಸೆಳೆತ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎಳೆತ ತೂಕದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾಗಿ ಭಾರದ್ದು ಬೇಗ ಇಳಿಯುತ್ತದೆ, ಹಗುರದ್ದು ಸುತ್ತುತ್ತಲೇ ಇರುತ್ತದೆ. ಇವತ್ತಿನ ಬ್ರಹ್ಮಾಂಡದಲ್ಲಿ, ಮಧ್ಯಮ ತರದ ಕಕ್ಷೆಯಲ್ಲಿ, ದೊಡ್ಡದರ ಮೂರನೇ ಒಂದು ಪಾಲು ತೂಕದ ಹೇಲೋ ಒಳಬಂದರೆ ಒಂದಾಗಲು ಇನ್ನೂರು ಚಿಲ್ಲರೆ ಕೋಟಿ ವರ್ಷ ಬೇಕು. ಹತ್ತನೇ ಒಂದು ಪಾಲಾದರೆ 600 ಕೋಟಿ ದಾಟುತ್ತದೆ. ಮೂವತ್ತನೇ ಒಂದು ಪಾಲಾದರೆ ಬ್ರಹ್ಮಾಂಡದ ವಯಸ್ಸಾದ 1380 ಕೋಟಿ ವರ್ಷವೂ ಸಾಲದು. ಕಕ್ಷೆ ನಡುವಿಗೆ ನೇರವಾಗಿದ್ದರೆ ಬೇಗ, ದುಂಡಗಿದ್ದರೆ ತಡ.

ನಿಮ್ಮ ಕೋಡ್‌ಗೆ ಬೇಕಿರುವುದು ಈ ಗಡಿಯಾರ. ಉಪಹೇಲೋ ಪಟ್ಟಿಯಿಂದ ಬಿದ್ದಾಗ ಗ್ಯಾಲಕ್ಸಿಯನ್ನು ಕೊಲ್ಲಬೇಡಿ. ಅದನ್ನು ಅನಾಥ ಗ್ಯಾಲಕ್ಸಿ ಎಂದು ಗುರುತಿಸಿ, ಫ್ರಿಕ್ಷನ್ ಸಮಯ ಮುಗಿಯುವವರೆಗೆ ಬದುಕಲು ಬಿಡಿ. ಈ ಕ್ಷೇತ್ರದಲ್ಲಿ ಅದಕ್ಕೆ ಆರ್ಫನ್ ಎಂದೇ ಹೆಸರು. ಹೀಗೆ ಮಾಡದಿದ್ದರೆ ಎರಡು ಕಡೆ ಪೆಟ್ಟು. ಕ್ಲಸ್ಟರ್‌ಗಳ (ಗ್ಯಾಲಕ್ಸಿಗಳ ದೊಡ್ಡ ಗುಂಪುಗಳ) ಒಳಗೆ ಸಣ್ಣ ಗ್ಯಾಲಕ್ಸಿಗಳು ಕಡಿಮೆ ಬೀಳುತ್ತವೆ, ನಡುವಿನ ದೊಡ್ಡ ಗ್ಯಾಲಕ್ಸಿ ಅವನ್ನೆಲ್ಲ ಮುಂಚೆಯೇ ನುಂಗಿ ಊದಿಕೊಳ್ಳುತ್ತದೆ. ನಿಮ್ಮ ದೊಡ್ಡವು ತೀರಾ ದೊಡ್ಡದಾಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಆರ್ಫನ್‌ಗಳಿಗೂ ಅಪಾಯ ಇದೆ. ಗಡಿಯಾರ ತೀರಾ ನಿಧಾನವಾಗಿಟ್ಟರೆ, ನಿಜವಾಗಿ ಛಿದ್ರವಾಗಬೇಕಾದ ಗ್ಯಾಲಕ್ಸಿಗಳೂ ಉಳಿದುಬಿಡುತ್ತವೆ. ಸಿಮ್ಯುಲೇಶನ್‌ಗಳಲ್ಲಿ ಉಪಹೇಲೋಗಳು ಛಿದ್ರವಾಗುವುದರಲ್ಲಿ ದೊಡ್ಡ ಪಾಲು ಕಣಗಳು ಸಾಲದೆ ಆಗುವ ಕೃತಕ ಛಿದ್ರ ಎಂದು ವಾನ್ ಡೆನ್ ಬಾಷ್ ಮತ್ತು ಜೊತೆಗಾರರು 2018ರಲ್ಲಿ ತೋರಿಸಿದರು. ಹಾಗಾಗಿ ಟ್ರೀ ಹೇಳಿದ್ದೇ ಕೊನೆಯ ಮಾತು ಎಂದು ನಂಬುವುದಕ್ಕಿಂತ ಆರ್ಫನ್ ಇಟ್ಟುಕೊಳ್ಳುವುದು ಮೇಲು.

ಒಂದು ಮಾತು ಪಕ್ಕಕ್ಕೆ. ವಿಲೀನ ಎಷ್ಟು ನಾಜೂಕಿನ ಲೆಕ್ಕ ಅನ್ನುವುದಕ್ಕೆ ನಮ್ಮ ನೆರೆಯ ಆಂಡ್ರೊಮಿಡಾ ಸಾಕ್ಷಿ. 25 ಲಕ್ಷ ಜ್ಯೋತಿರ್ವರ್ಷ ದೂರದಿಂದ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆ ಬರುತ್ತಿದೆ. ಡಿಕ್ಕಿ ಖಚಿತ ಎಂದೇ ಬಹಳ ಕಾಲ ಹೇಳಲಾಗುತ್ತಿತ್ತು. 2025ರಲ್ಲಿ ಬಂದ ಒಂದು ಅಧ್ಯಯನ ಅಳತೆಗಳಲ್ಲಿನ ಅನಿಶ್ಚಿತತೆಯನ್ನೂ, ಮೆಗಲಾನಿಕ್ ಮೋಡದ ಸೆಳೆತವನ್ನೂ ಸರಿಯಾಗಿ ಸೇರಿಸಿ ನೋಡಿತು. ಮುಂದಿನ 1000 ಕೋಟಿ ವರ್ಷಗಳಲ್ಲಿ ಎರಡೂ ಒಂದಾಗುವ ಸಾಧ್ಯತೆ ಅರ್ಧಕ್ಕರ್ಧ ಎಂದು ಬಂತು. ಇಷ್ಟು ಹತ್ತಿರದ ಜೋಡಿಯ ಗತಿಯೇ ಹೀಗಿರುವಾಗ, ನಿಮ್ಮ ಮಾಡೆಲ್‌ನಲ್ಲಿ ಒಂದೊಂದು ವಿಲೀನದ ಸಮಯವನ್ನೂ ಪಕ್ಕಾ ಎಂದು ಹಿಡಿಯಬೇಡಿ. ಸಾವಿರಾರು ವಿಲೀನಗಳ ಸರಾಸರಿಗೆ ಮಾತ್ರ ಬೆಲೆ.

ಈಗ ದೊಡ್ಡ, ನೀಲಿ ಗ್ಯಾಲಕ್ಸಿಗಳಿಗೆ ಬರೋಣ. ಟ್ರೀ ಸರಿಮಾಡಿದ ಮೇಲೂ ಇವು ಉಳಿಯುತ್ತವೆ ಎಂದು ನಾನು ಈಗಲೇ ಹೇಳಬಲ್ಲೆ. ಯಾಕೆಂದರೆ ಇದು ನಿಮ್ಮ ಮಾಡೆಲ್‌ನಲ್ಲಿ ಇಲ್ಲದ ಭೌತಶಾಸ್ತ್ರ.

ಹೇಲೋಗೆ ಬಂದ ಗ್ಯಾಸೆಲ್ಲ ನಕ್ಷತ್ರವಾಗುವುದಿಲ್ಲ. ಸುಮಾರು ಒಂದು ಲಕ್ಷ ಕೋಟಿ ಸೂರ್ಯರ ತೂಕದ ಹೇಲೋ, ಅಂದರೆ ನಮ್ಮ ಕ್ಷೀರಪಥದ ಅಳತೆಯದ್ದು, ಈ ವಿಷಯದಲ್ಲಿ ಎಲ್ಲಕ್ಕಿಂತ ಚುರುಕು. ಅಲ್ಲಿ ಕೂಡ ತನ್ನ ಪಾಲಿಗೆ ಬಂದ ಮಾಮೂಲಿ ವಸ್ತುವಿನಲ್ಲಿ ಶೇಕಡಾ 20ರ ಆಸುಪಾಸು ಮಾತ್ರ ನಕ್ಷತ್ರವಾಗಿರುತ್ತದೆ. ಅದಕ್ಕಿಂತ ಸಣ್ಣ ಹೇಲೋಗಳಲ್ಲಿ ಇನ್ನೂ ಕಡಿಮೆ. ದೊಡ್ಡವುಗಳಲ್ಲೂ ಕಡಿಮೆ. ಎರಡು ಕಡೆಯೂ ಇಳಿಯುತ್ತದೆ ಅನ್ನುವುದೇ ಮುಖ್ಯ. ಸಣ್ಣ ಕಡೆಯ ಇಳಿತಕ್ಕೆ ಸೂಪರ್‌ನೋವಾ ಸಾಕು. ಒಂದೊಂದು ಸ್ಫೋಟದಿಂದ 10ರ ಘಾತ 44 ಜೂಲ್‌ನಷ್ಟು ಶಕ್ತಿ ಹೊರಬರುತ್ತದೆ. ಸಣ್ಣ ಹೇಲೋದ ಗುರುತ್ವದ ಬಾವಿ ಆಳವಿಲ್ಲ, ಗ್ಯಾಸ್ ಹಾರಿಹೋಗುತ್ತದೆ. ನೂರು ಲಕ್ಷ ಕೋಟಿ ಸೂರ್ಯರ ತೂಕದ ಹೇಲೋದಲ್ಲಿ ಅದೇ ಸ್ಫೋಟ ಗ್ಯಾಸನ್ನು ಸ್ವಲ್ಪ ಮೇಲೆತ್ತುತ್ತದೆ, ಅಷ್ಟೇ, ಅದು ಮತ್ತೆ ಬೀಳುತ್ತದೆ. ನೀವು ಪ್ಯಾರಾಮೀಟರ್ ಎಷ್ಟು ಏರಿಸಿದರೂ ದೊಡ್ಡವು ಬಗ್ಗದಿರುವುದಕ್ಕೆ ಕಾರಣ ಇದು. ಇನ್ನೂ ಏರಿಸಿದರೆ, ಇರುವ ಶಕ್ತಿಗಿಂತ ಹೆಚ್ಚು ಶಕ್ತಿ ಖರ್ಚು ಮಾಡಿದ ಲೆಕ್ಕವಾಗುತ್ತದೆ.

ಆಕಾಶದಲ್ಲೂ ಈ ಒಗಟು ಕಣ್ಣಿಗೆ ಕಾಣುವಂತಿದೆ. ಪರ್ಸಿಯಸ್ ಕ್ಲಸ್ಟರ್‌ನ ನಡುವಿನ ಬಿಸಿ ಗ್ಯಾಸ್ ಎಕ್ಸ್-ರೇಯಲ್ಲಿ ಪ್ರಖರವಾಗಿ ಹೊಳೆಯುತ್ತದೆ. ಹೊಳೆಯುವುದು ಎಂದರೆ ಶಾಖ ಕಳೆದುಕೊಳ್ಳುವುದು. ಆ ವೇಗದಲ್ಲಿ ತಣ್ಣಗಾಗುತ್ತಿದ್ದರೆ ವರ್ಷಕ್ಕೆ ನೂರಾರು ಸೂರ್ಯರಷ್ಟು ಗ್ಯಾಸ್ ನಡುವಿಗೆ ಸುರಿಯಬೇಕಿತ್ತು, ಅಲ್ಲಿ ನೀಲಿ ನಕ್ಷತ್ರಗಳ ಜಾತ್ರೆ ನಡೆಯಬೇಕಿತ್ತು. ಅಷ್ಟು ನಡೆದಿಲ್ಲ. ಚಂದ್ರಾ ಎಂಬ ಎಕ್ಸ್-ರೇ ದೂರದರ್ಶಕದ ಚಿತ್ರಗಳಲ್ಲಿ ಆ ಗ್ಯಾಸ್‌ನೊಳಗೆ ದೊಡ್ಡ ದೊಡ್ಡ ಪೊಳ್ಳುಗಳು ಕಾಣುತ್ತವೆ. ನಡುವಿನ ಗ್ಯಾಲಕ್ಸಿಯ ಕಪ್ಪುಕುಳಿಯಿಂದ ಹೊರಟ ಜೆಟ್‌ಗಳು ಕೊರೆದ ಪೊಳ್ಳುಗಳು ಅವು. ಜೆಟ್‌ಗಳು ಸುತ್ತಲಿನ ಗ್ಯಾಸ್‌ಗೆ ಶಾಖ ಕೊಡುತ್ತಲೇ ಇರುತ್ತವೆ, ಅದು ತಣ್ಣಗಾಗಲು ಬಿಡುವುದಿಲ್ಲ. 2006ರಲ್ಲಿ ಕ್ರೋಟನ್ ಮತ್ತು ಜೊತೆಗಾರರು, ಬೋವರ್ ಮತ್ತು ಜೊತೆಗಾರರು ಇದನ್ನೇ ಸೆಮಿ-ಅನಲಿಟಿಕ್ ಮಾಡೆಲ್‌ಗಳಿಗೆ ಸೇರಿಸಿದರು. ದೊಡ್ಡ ಗ್ಯಾಲಕ್ಸಿಗಳು ತೂಕದಲ್ಲೂ ಬಣ್ಣದಲ್ಲೂ ಒಟ್ಟಿಗೆ ಸರಿಹೋದವು.

ಇಲ್ಲಿ ಒಂದು ಸಣ್ಣ ಎಚ್ಚರಿಕೆ. ಕಪ್ಪುಕುಳಿಯ ಭಾಗ ಸೇರಿಸುವಾಗ ಸುಲಭದ ಅಡ್ಡದಾರಿ ಒಂದಿದೆ: ಇಷ್ಟು ತೂಕ ದಾಟಿದ ಹೇಲೋದಲ್ಲಿ ತಣಿಯುವುದನ್ನೇ ನಿಲ್ಲಿಸಿಬಿಡುವುದು. ಪರೀಕ್ಷೆಗೆ ಅದನ್ನು ಮಾಡಿ ನೋಡಿ, ತಪ್ಪಿಲ್ಲ. ಆದರೆ ಅದು ಕಾರಣವನ್ನು ಹೇಳುವುದಿಲ್ಲ. ಕಪ್ಪುಕುಳಿ ವಿಲೀನದಲ್ಲಿ ಬೆಳೆಯಲಿ, ಬಿಸಿ ಗ್ಯಾಸ್‌ನಿಂದ ಚೂರು ಚೂರು ತಿನ್ನಲಿ, ತಿಂದದ್ದರ ಒಂದು ಪಾಲು ಶಾಖವಾಗಲಿ. ಪ್ಯಾರಾಮೀಟರ್ ಒಂದು ಹೆಚ್ಚಾಗುತ್ತದೆ, ಜೊತೆಗೆ ಕಪ್ಪುಕುಳಿಯ ತೂಕ ಅನ್ನುವ ಹೊಸ ಅಳತೆಯೂ ಪರೀಕ್ಷೆಗೆ ಸಿಗುತ್ತದೆ.

ಗೆಳೆಯರ ಮಾತಿಗೆ ಉತ್ತರ ಇಲ್ಲೇ ಸಿಕ್ಕಿತು ನೋಡಿ. ಏನನ್ನು ಬೇಕಾದರೂ ಹೊಂದಿಸಬಹುದು ಅನ್ನುವುದು ನಿಜವಾಗಿದ್ದರೆ ನಿಮ್ಮ ದೊಡ್ಡ ಗ್ಯಾಲಕ್ಸಿಗಳೂ ಹೊಂದಬೇಕಿತ್ತು. ಹೊಂದಲಿಲ್ಲ. ಮಾಡೆಲ್ ಮೊಂಡು ಹಿಡಿದು, ನಿಮ್ಮಲ್ಲಿ ಏನೋ ಇಲ್ಲ ಎಂದು ಹೇಳಿತು. ಆ ಏನೋ ಆಕಾಶದಲ್ಲಿ ಬೇರೆ ಉಪಕರಣದಿಂದ, ಬೇರೆ ಕಾರಣಕ್ಕೆ ಕಂಡದ್ದೇ ಆಗಿತ್ತು.

ಹಾಗೆಂದು ಅವರ ಅನುಮಾನ ಪೊಳ್ಳು ಎಂದು ನಾನು ಹೇಳುವುದಿಲ್ಲ. ಅಪಾಯ ನಿಜವೇ. ನಕ್ಷತ್ರ ನಿಧಾನವಾಗಿ ಹುಟ್ಟುವ ಮಾಡೆಲ್ ಒಂದು, ಬೇಗ ಹುಟ್ಟಿದರೂ ಗ್ಯಾಸ್ ಜೋರಾಗಿ ಹೊರಹೋಗುವ ಮಾಡೆಲ್ ಇನ್ನೊಂದು. ಇವತ್ತಿನ ನಕ್ಷತ್ರ ತೂಕ ಎರಡರಲ್ಲೂ ಒಂದೇ ಬರಬಹುದು. ಬರೀ ಆ ಒಂದು ಗೆರೆ ನೋಡಿ ಯಾವುದು ಸರಿ ಎಂದು ಹೇಳಲಾಗದು. ಗ್ಯಾಲಕ್ಸಿಯಲ್ಲಿ ಉಳಿದಿರುವ ತಣ್ಣನೆಯ ಗ್ಯಾಸ್ ನೋಡಿದರೆ ಬೇರೆಯಾಗುತ್ತವೆ: ಮೊದಲನೆಯದರಲ್ಲಿ ಜಾಸ್ತಿ, ಎರಡನೆಯದರಲ್ಲಿ ಕಡಿಮೆ. ಲೋಹಾಂಶದಲ್ಲೂ, ಅಂದರೆ ಹೈಡ್ರೋಜನ್ ಮತ್ತು ಹೀಲಿಯಂಗಿಂತ ಭಾರದ ಧಾತುಗಳ ಪಾಲಿನಲ್ಲೂ, ಬೇರೆಯಾಗುತ್ತವೆ. ಹೊಂದಿಸುವುದು ಮೋಸವಾಗುವುದು ಯಾವಾಗ ಎಂದರೆ, ಹೊಂದಿಸಲು ಬಳಸಿದ ಅಳತೆಯನ್ನೇ ಆಮೇಲೆ ಮಾಡೆಲ್‌ನ ಗೆಲುವು ಎಂದು ತೋರಿಸಿದಾಗ. ಕೋಡ್ ಓಡಿಸುವ ಮುಂಚೆಯೇ ಬರೆದಿಡಿ: ಇಂದಿನ ನಕ್ಷತ್ರ ತೂಕದ ಹಂಚಿಕೆಗೆ ಮಾತ್ರ ಹೊಂದಿಸುತ್ತೇನೆ. ತಣ್ಣನೆಯ ಹೈಡ್ರೋಜನ್, ಕೆಂಪು-ನೀಲಿ ಪಾಲು, ಗ್ಯಾಲಕ್ಸಿಗಳು ಗುಂಪುಗೂಡುವ ರೀತಿ, ಹಿಂದಿನ ಕಾಲದ ತೂಕ ಹಂಚಿಕೆ, ಇವನ್ನು ಮುಟ್ಟುವುದಿಲ್ಲ, ಕೊನೆಗೆ ಹೋಲಿಸುತ್ತೇನೆ. ಇನ್ನೊಂದು ವಿಷಯ, ಒಂದೇ ಅತ್ಯುತ್ತಮ ಹೊಂದಿಕೆ ಹುಡುಕಿ ನಿಲ್ಲಬೇಡಿ. ಹೊಂದುವ ಪ್ಯಾರಾಮೀಟರ್ ಜೋಡಿಗಳೆಲ್ಲ ಎಷ್ಟು ಹರಡಿವೆ ಎಂದು ನೋಡಿ. ಹರಡಿಕೆ ಅಗಲವಾಗಿದ್ದರೆ, ಆ ಅಳತೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ ಎಂದರ್ಥ.

ಹೈಡ್ರೊಡೈನಮಿಕ್ ಸಿಮ್ಯುಲೇಶನ್‌ನಲ್ಲಿ ಈ ತಲೆನೋವು ಇಲ್ಲ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಅಲ್ಲಿ ಗ್ಯಾಸ್ ಹೇಗೆ ಹರಿಯುತ್ತದೆ ಅನ್ನುವುದನ್ನು ಸಮೀಕರಣಗಳಿಂದ ನೇರವಾಗಿ ಲೆಕ್ಕ ಹಾಕುತ್ತಾರೆ, ಅದು ದೊಡ್ಡ ಅನುಕೂಲ. ನಕ್ಷತ್ರ ಹುಟ್ಟುವುದು, ಸೂಪರ್‌ನೋವಾ, ಕಪ್ಪುಕುಳಿ ಇವೆಲ್ಲ ಅಲ್ಲೂ ಅಂದಾಜು ಸೂತ್ರಗಳೇ. 2015ರ ಈಗಲ್ ಸಿಮ್ಯುಲೇಶನ್ ತಂಡ ಇಂದಿನ ಗ್ಯಾಲಕ್ಸಿಗಳ ತೂಕ ಹಂಚಿಕೆ ಮತ್ತು ಗಾತ್ರಕ್ಕೆ ಹೊಂದಿಸಿದ್ದೇವೆ ಎಂದು ಬಿಚ್ಚಿ ಹೇಳಿತು. 2012ರ ಅಕ್ವಿಲಾ ಹೋಲಿಕೆಯಲ್ಲಿ ಒಂದೇ ಹೇಲೋದ ಒಂದೇ ಆರಂಭವನ್ನು 13 ಬೇರೆ ಬೇರೆ ರೀತಿಯಲ್ಲಿ ಓಡಿಸಿದರು. ಬಂದ ಗ್ಯಾಲಕ್ಸಿಗಳು ತೂಕದಲ್ಲಿ, ಗಾತ್ರದಲ್ಲಿ, ಆಕಾರದಲ್ಲಿ ಒಂದಕ್ಕೊಂದು ತುಂಬಾ ಬೇರೆಯಾಗಿದ್ದವು. ಕೆಳಗಿನ ಅಂತಸ್ತು ಒಂದೇ, ಮೇಲಿನದು ಹದಿಮೂರು ತರ.

ಇನ್ನು ಜೇಮ್ಸ್ ವೆಬ್. ಅದು ನಿರೀಕ್ಷೆಗಿಂತ ಹೆಚ್ಚು ಪ್ರಖರ ಗ್ಯಾಲಕ್ಸಿಗಳನ್ನು ತುಂಬಾ ಹಿಂದಿನ ಕಾಲದಲ್ಲಿ ಕಂಡಿದೆ, ಇದು ನಿಜ. 2024ರಲ್ಲಿ ಪ್ರಕಟವಾದ ಜೇಡ್ಸ್-ಜಿಎಸ್-ಝಡ್14-0 ಎಂಬ ಗ್ಯಾಲಕ್ಸಿ ಬಿಗ್ ಬ್ಯಾಂಗ್ ಆಗಿ ಸುಮಾರು 30 ಕೋಟಿ ವರ್ಷಕ್ಕೇ ಹೊಳೆಯುತ್ತಿತ್ತು. ಇಲ್ಲೂ ಅದೇ ಪ್ರಶ್ನೆ ಕೇಳಿ: ಪೆಟ್ಟು ಬಿದ್ದದ್ದು ಯಾವ ಅಂತಸ್ತಿಗೆ? ಕೆಳಗಿನದಕ್ಕೆ ಒಂದು ಕಠಿಣ ಮಿತಿ ಇದೆ. ಹೇಲೋ ತನ್ನ ತೂಕದ ಶೇಕಡಾ 16ಕ್ಕಿಂತ ಹೆಚ್ಚು ನಕ್ಷತ್ರ ಮಾಡಲಾರದು, ಯಾಕೆಂದರೆ ಅಷ್ಟು ಮಾಮೂಲಿ ವಸ್ತುವೇ ಅಲ್ಲಿಲ್ಲ. ಆ ಕಾಲದಲ್ಲಿ ಎಷ್ಟು ದೊಡ್ಡ ಹೇಲೋ ಎಷ್ಟಿರಬಹುದು ಎಂದೂ ಗೊತ್ತು. 2023ರಲ್ಲಿ ಬಾಯ್ಲನ್-ಕೋಲ್ಚಿನ್ ಈ ಮಿತಿಯನ್ನು ಆಗ ತಾನೇ ಪ್ರಕಟವಾದ ಭಾರಿ ಗ್ಯಾಲಕ್ಸಿಗಳ ಮೇಲೆ ಇಟ್ಟು ನೋಡಿದಾಗ ಕೆಲವು ಮಿತಿಯ ತೀರಾ ಹತ್ತಿರ ನಿಂತಿದ್ದವು. ಅದಕ್ಕೇ ಅಷ್ಟು ಸದ್ದಾಯಿತು. ಆಮೇಲೆ ಅಂಥ ಕೆಲವುಗಳ ಬೆಳಕಿನಲ್ಲಿ ಕಪ್ಪುಕುಳಿಯ ಪಾಲೂ ಇದೆ ಎಂದು ಕಂಡು ನಕ್ಷತ್ರ ತೂಕದ ಅಂದಾಜು ಇಳಿಯಿತು. ಉಳಿದವಕ್ಕೆ ನಕ್ಷತ್ರಗಳು ಬಿಟ್ಟು ಬಿಟ್ಟು ಭರದಿಂದ ಹುಟ್ಟಿದ್ದು, ಧೂಳು ಕಡಿಮೆ ಇದ್ದದ್ದು, ಒತ್ತಾದ ಗ್ಯಾಸ್‌ನಲ್ಲಿ ಸೂಪರ್‌ನೋವಾದ ತಡೆ ಸಾಲದೆ ಹೋದದ್ದು, ಹೀಗೆ ಹಲವು ವಿವರಣೆಗಳಿವೆ. ಯಾವುದಕ್ಕೆ ಎಷ್ಟು ಪಾಲು ಅನ್ನುವ ವಾದ ಇನ್ನೂ ನಡೆಯುತ್ತಿದೆ. ಇವೆಲ್ಲ ಮೇಲಿನ ಅಂತಸ್ತಿನ ಮಾತು. ಇಂದಿನ ಗ್ಯಾಲಕ್ಸಿಗಳಿಗೆ ಹೊಂದಿಸಿದ ಸೂತ್ರ 1350 ಕೋಟಿ ವರ್ಷದ ಹಿಂದೆಯೂ ಹಾಗೇ ನಡೆಯುತ್ತದೆ ಎಂದು ನಂಬಿದ್ದೇ ಅಲ್ಲಿ ಪೆಟ್ಟು ತಿಂದದ್ದು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಹೈಡ್ರೊಡೈನಮಿಕ್ ಸಿಮ್ಯುಲೇಶನ್ ಅನ್ನು ನೀವೇ ಓಡಿಸುವುದನ್ನು ಪ್ರಾಜೆಕ್ಟ್ ಮಟ್ಟಿಗೆ ಬಿಟ್ಟುಬಿಡಿ. ಇಲಸ್ಟ್ರಿಸ್-ಟಿಎನ್‌ಜಿ ಎಂಬ ಹೈಡ್ರೊಡೈನಮಿಕ್ ಸಿಮ್ಯುಲೇಶನ್ ಸರಣಿಯ ಟಿಎನ್‌ಜಿ50 ಒಂದಕ್ಕೇ 13 ಕೋಟಿ ಕೋರ್-ಗಂಟೆಗಳ (ಒಂದು ಪ್ರೊಸೆಸರ್ ಕೋರ್ ಒಂದು ಗಂಟೆ ದುಡಿದರೆ ಒಂದು ಕೋರ್-ಗಂಟೆ) ಹತ್ತಿರ ಖರ್ಚಾಗಿದೆ. ಸಣ್ಣ ಪೆಟ್ಟಿಗೆಯಲ್ಲಿ ಓಡಿಸಬಹುದು, ಆದರೆ ಅದರಲ್ಲಿ ದೊಡ್ಡ ಹೇಲೋಗಳೇ ಇರುವುದಿಲ್ಲ, ನಿಮ್ಮ ಪ್ರಶ್ನೆ ಇರುವುದೇ ಅಲ್ಲಿ.

ಅಬಂಡೆನ್ಸ್ ಮ್ಯಾಚಿಂಗ್ ಇನ್ನೊಂದು ದಾರಿ. ಅತಿ ಭಾರದ ಹೇಲೋಗೆ ಅತಿ ಭಾರದ ಗ್ಯಾಲಕ್ಸಿ, ಎರಡನೆಯದಕ್ಕೆ ಎರಡನೆಯದು, ಹೀಗೆ ಸಾಲಾಗಿ ಜೋಡಿಸುವುದು. ಭೌತಶಾಸ್ತ್ರ ಏನೂ ಬೇಡ. ಇಷ್ಟು ಸರಳವಾದದ್ದು ಗ್ಯಾಲಕ್ಸಿಗಳ ಗುಂಪುಗೂಡುವಿಕೆಯನ್ನು ಅಷ್ಟು ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ. ಉಪಹೇಲೋಗಳಿಗೆ ಈಗಿನ ತೂಕದ ಬದಲು ಗರಿಷ್ಠ ತೂಕವನ್ನೋ ಅದರೊಳಗೆ ಸುತ್ತುವ ಗರಿಷ್ಠ ವೇಗವನ್ನೋ ಬಳಸಬೇಕು, ಯಾಕೆಂದರೆ ಹೊರಗಿನ ಡಾರ್ಕ್ ಮ್ಯಾಟರ್ ಮೊದಲು ಕಿತ್ತುಹೋಗುತ್ತದೆ, ನಡುವಿನ ನಕ್ಷತ್ರಗಳು ಬಹಳ ಕಾಲ ಉಳಿಯುತ್ತವೆ. ಇದರ ಮಿತಿ ಏನೆಂದರೆ, ತೂಕ ಹಂಚಿಕೆಯನ್ನು ಮೊದಲೇ ಒಳಗೆ ಹಾಕಿರುತ್ತೀರಿ, ಹಾಗಾಗಿ ಅದು ಯಾಕೆ ಹಾಗಿದೆ ಎಂದು ಈ ದಾರಿ ಹೇಳಲಾರದು. ನಿಮ್ಮ ಮಾಡೆಲ್‌ಗೆ ಹೋಲಿಕೆಯ ಗೆರೆಯಾಗಿ ಇದನ್ನು ಒಂದು ಸಂಜೆಯಲ್ಲಿ ಬರೆದುಕೊಳ್ಳಬಹುದು, ಬರೆದುಕೊಳ್ಳಿ.

ನನ್ನ ಸಲಹೆ, ಹಿಡಿದ ದಾರಿ ಬಿಡಬೇಡಿ. ಟಿಎನ್‌ಜಿಯ ಡೇಟಾ ಎಲ್ಲರಿಗೂ ತೆರೆದಿದೆ. ಅದರಲ್ಲಿ ಪ್ರತಿ ಪೆಟ್ಟಿಗೆಗೂ ಗ್ಯಾಸ್ ಇಲ್ಲದ, ಡಾರ್ಕ್ ಮ್ಯಾಟರ್ ಮಾತ್ರ ಇರುವ ಒಂದು ಜೋಡಿ ಪೆಟ್ಟಿಗೆ ಇದೆ, ಯಾವ ಹೇಲೋಗೆ ಯಾವುದು ಜೋಡಿ ಎಂಬ ಪಟ್ಟಿಯೂ ಇದೆ. ನಿಮ್ಮ ಮಾಡೆಲ್ ಅನ್ನು ಡಾರ್ಕ್ ಮ್ಯಾಟರ್ ಪೆಟ್ಟಿಗೆಯ ಟ್ರೀಗಳ ಮೇಲೆ ಓಡಿಸಿ, ಬಂದ ಗ್ಯಾಲಕ್ಸಿಗಳನ್ನು ಗ್ಯಾಸ್ ಇರುವ ಪೆಟ್ಟಿಗೆಯ ಗ್ಯಾಲಕ್ಸಿಗಳ ಜೊತೆ ಒಂದೊಂದಾಗಿ ಹೋಲಿಸಿ. ಎಲ್ಲಿ ವಿಲೀನ ಬೇಗ ಆಯಿತು, ಎಲ್ಲಿ ಗ್ಯಾಸ್ ಜಾಸ್ತಿ ತಣ್ಣಗಾಯಿತು ಎಂದು ಒಂದೊಂದು ಟ್ರೀಯಲ್ಲೂ ಕಾಣುತ್ತದೆ. ಟಿಎನ್‌ಜಿಯೇ ಸತ್ಯ ಎಂದು ಮಾತ್ರ ಹಿಡಿಯಬೇಡಿ, ಅದೂ ಒಂದು ಮಾಡೆಲ್.

ಕೆಲಸದ ಕ್ರಮ ಹೀಗಿರಲಿ. ಮೊದಲು ಟ್ರೀ ಸರಿಮಾಡಿ, ಆರ್ಫನ್ ಸೇರಿಸಿ, ಯಾವ ಪ್ಯಾರಾಮೀಟರನ್ನೂ ಮುಟ್ಟದೆ ಇನ್ನೊಮ್ಮೆ ಓಡಿಸಿ. ಹೇಲೋಗೆ ಕನಿಷ್ಠ 20 ಕಣ ಎಂದಿದ್ದರೆ 100 ಮಾಡಿಯೂ ನೋಡಿ. ನೀವು ನಂಬಿರುವ ತೂಕದ ವ್ಯಾಪ್ತಿಯಲ್ಲಿ ಫಲಿತಾಂಶ ಅಲುಗಾಡಿದರೆ ಆ ವ್ಯಾಪ್ತಿಯನ್ನು ವರದಿಯಿಂದ ಕೈಬಿಡಿ. ಆಮೇಲೆ ಕಪ್ಪುಕುಳಿ. ಕಪ್ಪುಕುಳಿ ಇಲ್ಲದ ಮಾಡೆಲ್‌ನ ಪ್ಲಾಟನ್ನು ಅಳಿಸಬೇಡಿ. ವರದಿಯಲ್ಲಿ ಅದನ್ನೇ ಮೊದಲು ಹಾಕಿ, ಸೂಪರ್‌ನೋವಾ ಪ್ಯಾರಾಮೀಟರನ್ನು ಶಕ್ತಿಯ ಮಿತಿಯವರೆಗೆ ಏರಿಸಿದರೂ ದೊಡ್ಡ ತುದಿ ಕದಲಲಿಲ್ಲ ಎಂದು ಅದೇ ಚಿತ್ರದಲ್ಲಿ ತೋರಿಸಿ. ವೈವಾದಲ್ಲಿ ಗೆಳೆಯರ ಪ್ರಶ್ನೆಯನ್ನೇ ಪರೀಕ್ಷಕರೂ ಕೇಳುತ್ತಾರೆ, ಆಗ ತೋರಿಸಲು ಆ ಪ್ಲಾಟ್ ಬೇಕಾಗುತ್ತದೆ.